ಹಾವಿನ ಮೊಟ್ಟೆಯೇ? ಚಿಪ್ಪಿನ ಸೀಳು ನೋಡಿ
ತರಗೆಲೆಯ ರಾಶಿಯಲ್ಲಿ ಮೊಟ್ಟೆ ಕಂಡರೆ ಕೈಹಾಕದೆ ದೂರದಿಂದಲೇ ಟಾರ್ಚ್ ಬಿಟ್ಟು ನೋಡಿ: ಉದ್ದನೆಯ, ಮಾಸಲು ಬಿಳಿಯ, ಒಂದಕ್ಕೊಂದು ಅಂಟಿಕೊಂಡ ಮೊಟ್ಟೆಗಳಾದರೆ ಹೆಚ್ಚಾಗಿ ಹಾವಿನವೇ. ಚಿಪ್ಪು ಹಕ್ಕಿಯದರಂತೆ ಗಟ್ಟಿಯಲ್ಲ, ತೊಗಲಿನಂತೆ ಮೆತ್ತಗೆ. ಹಾಗಾಗಿ ಅದು ಒಡೆದು ಚೂರಾಗುವುದಿಲ್ಲ. ಮರಿ ಮೂತಿಯ ತುದಿಯ ಪುಟ್ಟ ಹಲ್ಲಿನಿಂದ ಬ್ಲೇಡಿನಲ್ಲಿ ಗೀರಿದಂತೆ ಸೀಳುತ್ತದೆ. ಅಂಥ ಸೀಳು ಕಂಡರೆ ಮರಿ ಹೊರಬರುತ್ತಿದೆ, ಇಲ್ಲವೇ ಆಗಲೇ ಹೋಗಿದೆ. ತಲೆಯಷ್ಟೇ ಹೊರಗಿಟ್ಟು ದಿನವಿಡೀ ಕೂರುವುದೂ ಉಂಟು. ಚಿಪ್ಪು ತಗ್ಗುಬಿದ್ದಿದೆ ಎಂಬುದರಿಂದಲೇ ಮರಿ ಹೊರಬರುವ ಹೊತ್ತಾಯಿತೆಂದು ನಂಬಬೇಡಿ, ತೇವ ಕಡಿಮೆಯಾದರೂ ಹಾಗಾಗುತ್ತದೆ. ಉಡದ ಮೊಟ್ಟೆಯೂ ತೊಗಲಿನಂತಿರುವುದರಿಂದ ಮೋಸಹೋಗಬಹುದು. ವಿಷದ ಹಾವೋ ಅಲ್ಲವೋ ಎಂಬುದು ಮೊಟ್ಟೆಯಿಂದ ತಿಳಿಯದು. ನಾಗರಮರಿಗೆ ಹುಟ್ಟುವಾಗಲೇ ವಿಷವಿರುತ್ತದೆ. ದಯವಿಟ್ಟು ಮೊಟ್ಟೆಯನ್ನು ಹೊರಳಿಸಬೇಡಿ, ಒಳಗಿನ ಭ್ರೂಣ ಸಾಯಬಹುದು.