ಒಣಗಣ್ಣಿಗೆ ಬೆಳಕಿನ ಚಿಕಿತ್ಸೆ: ಕುರ್ಚಿಯಲ್ಲಿ ಕೂರುವ ಮೊದಲು, ಎದ್ದ ಮೇಲೆ

ಕಣ್ಣಿನಲ್ಲಿ ಮರಳು ಬಿದ್ದಂತೆ ಚುಚ್ಚುವುದು, ಸಂಜೆಯ ಹೊತ್ತಿಗೆ ಉರಿ ಹತ್ತುವುದು, ಓದುತ್ತಿದ್ದಂತೆ ಅಕ್ಷರ ಮಸುಕಾಗಿ ರೆಪ್ಪೆ ಬಡಿದ ಕೂಡಲೇ ತಿಳಿಯಾಗುವುದು, ಗಾಳಿಗೆ ಮುಖ ಕೊಟ್ಟರೆ ದಳದಳ ನೀರು ಸುರಿಯುವುದು, ಇವೆಲ್ಲ ಒಣಗಣ್ಣಿನ ಲಕ್ಷಣಗಳು. ನೀರು ಸುರಿಯುವ ಕಣ್ಣು ಒಣಗಿದ್ದು ಹೇಗೆ ಎಂದು ಹಲವರಿಗೆ ಸಂಶಯ ಬರುತ್ತದೆ. ಕಣ್ಣೀರಿನ ಮೇಲೆ ತೆಳುವಾಗಿ ಹರಡಿಕೊಂಡಿರಬೇಕಾದ ಎಣ್ಣೆಯ ಪದರ ಕೆಟ್ಟಾಗ ನೀರು ಬೇಗ ಆವಿಯಾಗುತ್ತದೆ. ಕೆರಳಿದ ಕಣ್ಣು ಒಮ್ಮೆಲೇ ನೀರು ಸುರಿಸುತ್ತದೆ. ಎಣ್ಣೆಯಿಲ್ಲದ್ದರಿಂದ ಆ ನೀರೂ ನಿಲ್ಲುವುದಿಲ್ಲ. ಈ ಎಣ್ಣೆ ಬರುವುದು ರೆಪ್ಪೆಯೊಳಗೆ ಸಾಲಾಗಿ ನಿಂತಿರುವ ಮೈಬೋಮಿಯನ್ ಗ್ರಂಥಿಗಳಿಂದ. ಮೇಲಿನ ರೆಪ್ಪೆಯಲ್ಲಿ ಸುಮಾರು 25ರಿಂದ 40, ಕೆಳಗಿನದರಲ್ಲಿ 20ರಿಂದ 30 ಗ್ರಂಥಿಗಳಿರುತ್ತವೆ. ಐಪಿಎಲ್ (ಇಂಟೆನ್ಸ್ ಪಲ್ಸ್ಡ್ ಲೈಟ್, ಅಂದರೆ ತೀವ್ರ ಬೆಳಕಿನ ಮಿಂಚು) ಎಂಬ ಬೆಳಕಿನ ಚಿಕಿತ್ಸೆ ಇರುವುದು ಮುಖ್ಯವಾಗಿ ಈ ಗ್ರಂಥಿಗಳು ಕಟ್ಟಿಕೊಂಡವರಿಗೆ.

ಆದ್ದರಿಂದ ಮೊದಲ ಹೆಜ್ಜೆ, ನಿಮ್ಮ ಒಣಗಣ್ಣು ಯಾವ ಬಗೆಯದು ಎಂದು ತಿಳಿದುಕೊಳ್ಳುವುದು. ವೈದ್ಯರು ಕೆಳರೆಪ್ಪೆಯೊಳಗೆ ಕಾಗದದ ಪಟ್ಟಿಯೊಂದನ್ನು ಐದು ನಿಮಿಷ ಸಿಕ್ಕಿಸಿ ನೀರು ಎಷ್ಟು ಮಿಲಿಮೀಟರ್ ಇಳಿಯಿತೆಂದು ಅಳೆಯುತ್ತಾರೆ. ಹಳದಿ ಬಣ್ಣ ಹಾಕಿ, ರೆಪ್ಪೆ ಬಡಿಯದೆ ಇದ್ದಾಗ ಕಣ್ಣೀರಿನ ಪದರ ಎಷ್ಟು ಸೆಕೆಂಡಿಗೆ ಒಡೆಯುತ್ತದೆ ಎಂದು ನೋಡುತ್ತಾರೆ. ಹತ್ತು ಸೆಕೆಂಡಿಗಿಂತ ಮೊದಲೇ ಒಡೆದರೆ ಅದು ಬೇಗವೆಂದೇ ಲೆಕ್ಕ. ಎಲ್ಲಕ್ಕಿಂತ ಹೆಚ್ಚು ಹೇಳುವುದು ರೆಪ್ಪೆಯ ಅಂಚನ್ನು ಬೆರಳಿನಿಂದಲೋ ಹತ್ತಿಯ ಕಡ್ಡಿಯಿಂದಲೋ ಮೆಲ್ಲಗೆ ಒತ್ತಿ ನೋಡುವ ಪರೀಕ್ಷೆ. ಆರೋಗ್ಯವಾಗಿರುವ ಗ್ರಂಥಿಯ ಬಾಯಿಯಿಂದ ಕೊಬ್ಬರಿ ಎಣ್ಣೆಯಷ್ಟು ತಿಳಿಯಾದ ಹನಿ ಜಿನುಗುತ್ತದೆ. ಕಟ್ಟಿಕೊಂಡ ಗ್ರಂಥಿಯಿಂದ ಬರುವುದು ಟೂತ್‌ಪೇಸ್ಟಿನಂಥ ಬಿಳಿ ಎಳೆ. ಕೆಲವೊಮ್ಮೆ ಏನೂ ಬರುವುದಿಲ್ಲ. ಷೋಗ್ರೆನ್ಸ್‌ನಂಥ ಕಾಯಿಲೆಯಿಂದ (ಇದರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ಕಣ್ಣೀರಿನ, ಜೊಲ್ಲಿನ ಗ್ರಂಥಿಗಳ ಮೇಲೆಯೇ ತಿರುಗಿಬೀಳುತ್ತದೆ) ಕಣ್ಣೀರಿನ ನೀರೇ ಕಡಿಮೆಯಾಗಿದ್ದರೆ, ಎಣ್ಣೆಯ ಗ್ರಂಥಿಗೆ ಬೆಳಕು ಹಾಯಿಸಿದ ಮಾತ್ರಕ್ಕೆ ಆ ಕೊರತೆ ತುಂಬುವುದಿಲ್ಲ. ಈ ಪರೀಕ್ಷೆಗಳನ್ನು ಮಾಡದೆಯೇ ‘ಪ್ಯಾಕೇಜ್’ ಬರೆದುಕೊಟ್ಟರೆ ಒಪ್ಪಿಕೊಳ್ಳಬೇಡಿ.

ಗ್ರಂಥಿ ಕಟ್ಟಿಕೊಂಡಿರುವುದು ಖಚಿತವಾದರೂ ಮೊದಲು ಮಾಡಬೇಕಾದ್ದು ಮನೆಯ ಚಿಕಿತ್ಸೆ. ಸುಮಾರು 40 ಡಿಗ್ರಿ ಸೆಲ್ಸಿಯಸ್ ಬಿಸಿಯ ಬಟ್ಟೆಯನ್ನು ಮುಚ್ಚಿದ ರೆಪ್ಪೆಯ ಮೇಲೆ ಹತ್ತು ನಿಮಿಷ ಇಡಬೇಕು; ಬಟ್ಟೆ ಬೇಗ ಆರುವುದರಿಂದ ಎರಡು ಬಟ್ಟೆಗಳನ್ನು ಬದಲಾಯಿಸುತ್ತಾ ಇಡುವುದು ಒಳ್ಳೆಯದು. ಆಮೇಲೆ ಮೇಲಿನ ರೆಪ್ಪೆಯನ್ನು ಕೆಳಮುಖವಾಗಿ, ಕೆಳಗಿನದನ್ನು ಮೇಲ್ಮುಖವಾಗಿ ನೀವಿ, ರೆಪ್ಪೆಯ ಅಂಚನ್ನು ಒರೆಸಬೇಕು. ರೆಪ್ಪೆಯ ಒಳ ಅಂಚಿಗೆ ಕಾಡಿಗೆ ಹಚ್ಚುವ ಅಭ್ಯಾಸವಿದ್ದವರು ಒಂದು ವಿಷಯ ಗಮನಿಸಬೇಕು: ಗ್ರಂಥಿಗಳ ಬಾಯಿಗಳು ಇರುವುದು ಸರಿಯಾಗಿ ಆ ಗೆರೆಯ ಮೇಲೆಯೇ. ಇದನ್ನೆಲ್ಲ ಶ್ರದ್ಧೆಯಿಂದ ಕೆಲವು ವಾರ ಮಾಡಿಯೂ ಗುಣ ಕಾಣದಿದ್ದಾಗ ಬೆಳಕಿನ ಮಾತು ಬರುತ್ತದೆ.

ಐಪಿಎಲ್ ಅನ್ನು ಅನೇಕ ಕಡೆ ‘ಲೇಸರ್’ ಎಂದು ಕರೆಯುತ್ತಾರೆ, ಆದರೆ ಅದು ಲೇಸರ್ ಅಲ್ಲ. ಲೇಸರಿನದು ಒಂದೇ ತರಂಗಾಂತರದ ಬೆಳಕು. ಇದು ಕ್ಸೆನಾನ್ ದೀಪದಿಂದ ಹೊಮ್ಮುವ, ಸುಮಾರು 500ರಿಂದ 1,200 ನ್ಯಾನೊಮೀಟರ್ ತನಕ ಹರಡಿದ ಬೆಳಕಿನ ಮಿಂಚು. ಕಡಿಮೆ ತರಂಗಾಂತರದ ಭಾಗವನ್ನು ಫಿಲ್ಟರ್ ತಡೆಯುತ್ತದೆ. ಅಮೆರಿಕದ ಮೆಂಫಿಸ್ ನಗರದ ಕಣ್ಣಿನ ವೈದ್ಯ ರೋಲಾಂಡೊ ಟೋಯೋಸ್, 2000ದ ದಶಕದ ಆರಂಭದಲ್ಲಿ, ರೋಸೇಶಿಯ ಎಂಬ ಮುಖ ಕೆಂಪೇರುವ ಕಾಯಿಲೆಗೆ ಈ ಬೆಳಕು ಹಾಯಿಸಿಕೊಂಡವರ ಒಣಗಣ್ಣೂ ಸುಧಾರಿಸುತ್ತಿರುವುದನ್ನು ಗಮನಿಸಿದರು. ಉರಿಯೂತ ಹರಡುವ ಸಣ್ಣ ರಕ್ತನಾಳಗಳು ಬೆಳಕನ್ನು ಹೀರಿ ಮುಚ್ಚಿಕೊಳ್ಳುವುದು, ಗಟ್ಟಿಯಾದ ಎಣ್ಣೆ ಕರಗುವುದು, ರೆಪ್ಪೆಗೂದಲ ಬುಡದ ಡೆಮೊಡೆಕ್ಸ್ ಹುಳು ಕಡಿಮೆಯಾಗುವುದು, ಹೀಗೆ ಹಲವು ಕಾರಣಗಳನ್ನು ಹೇಳಲಾಗುತ್ತದೆ.

2021ರಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಈ ಬಳಕೆಗಾಗಿ ಒಂದು ಉಪಕರಣಕ್ಕೆ ಅನುಮತಿ ಕೊಟ್ಟಿತು. ನಮ್ಮ ಓದುಗರು ಮುಖ್ಯವಾಗಿ ಗಮನಿಸಬೇಕಾದ ಸಂಗತಿ ಆ ಅನುಮತಿಯಲ್ಲೇ ಇದೆ. ಬಿಸಿಲಿಗೆ ಚರ್ಮ ಹೇಗೆ ಸುಡುತ್ತದೆ, ಹೇಗೆ ಕಪ್ಪಾಗುತ್ತದೆ ಎಂಬುದರ ಮೇಲೆ ಹಾರ್ವರ್ಡ್‌ನ ಚರ್ಮವೈದ್ಯ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ಆರಂಭಿಸಿದ ವರ್ಗೀಕರಣದಲ್ಲಿ ಇಂದು ಆರು ವರ್ಗಗಳಿವೆ; ಒಂದನೆಯದು ಅತಿ ಬಿಳುಪು, ಆರನೆಯದು ಅತಿ ಕಪ್ಪು. ಅನುಮತಿ ಇರುವುದು ಮೊದಲ ನಾಲ್ಕು ವರ್ಗಗಳಿಗೆ ಮಾತ್ರ. ಕನ್ನಡ ನಾಡಿನಲ್ಲಿ ನಾಲ್ಕನೆಯ, ಐದನೆಯ ವರ್ಗದ ಚರ್ಮದವರು ಧಾರಾಳವಾಗಿದ್ದಾರೆ. ರಕ್ತ ಹೀರಬೇಕಾದ ಬೆಳಕನ್ನು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಾನೇ ಹೀರಿ ಬಿಸಿಯಾಗುವುದರಿಂದ, ಬಿಳಿಯರಿಗೆ ಹಿತವಾದ ಅದೇ ಪ್ರಮಾಣ ನಮ್ಮ ಕೆನ್ನೆಯನ್ನು ಸುಡಬಹುದು. ‘ಇದರಿಂದ ಅಡ್ಡಪರಿಣಾಮವೇ ಇಲ್ಲ’ ಎಂಬ ಮಾತನ್ನು ನಾನು ಒಪ್ಪದಿರುವುದಕ್ಕೆ ಇದೇ ಕಾರಣ. ‘ನನ್ನ ಚರ್ಮ ಎಷ್ಟನೆಯ ವರ್ಗದ್ದು, ಅದಕ್ಕೆ ಎಷ್ಟು ಜೂಲ್ ಇಡುತ್ತೀರಿ?’ ಎಂದು ನೇರವಾಗಿ ಕೇಳಿ; ಜೂಲ್ ಎಂದರೆ ಮಿಂಚಿನ ಶಕ್ತಿಯ ಅಳತೆ. ಕಿವಿಯ ಮುಂದೆ, ದವಡೆಯ ಬಳಿ ಒಂದೆರಡು ಮಿಂಚು ಹಾಯಿಸಿ, ಕೆಲವು ದಿನ ಬಿಟ್ಟು ಆ ಜಾಗ ನೋಡಿ ಮುಂದುವರಿಯುವಂತೆ ಕೋರುವುದರಲ್ಲಿ ಯಾವ ಸಂಕೋಚವೂ ಬೇಡ. ಚರ್ಮ ತೀರಾ ಗಾಢವಾಗಿದ್ದರೆ ಐಪಿಎಲ್ ಬಿಟ್ಟು, ಕೆಂಪು ಎಲ್‌ಇಡಿ ದೀಪಗಳ ಮುಖವಾಡದಿಂದ ಕೊಡುವ ಮಂದ ಬೆಳಕಿನ ಚಿಕಿತ್ಸೆಯ ಬಗ್ಗೆ ವಿಚಾರಿಸಬಹುದು. ಅದರಲ್ಲಿ ಇಂಥ ಸುಡುವ ಮಿಂಚಿಲ್ಲ.

ಮುಂದಿನದು, ವೈದ್ಯರಿಗೆ ನೀವು ಹೇಳಲೇಬೇಕಾದ ವಿಷಯಗಳು. ಡಾಕ್ಸಿಸೈಕ್ಲಿನ್ ಎಂಬ ಮಾತ್ರೆಯನ್ನು ಇದೇ ಗ್ರಂಥಿಗಳ ತೊಂದರೆಗೆ ಕಣ್ಣಿನ ವೈದ್ಯರು ಬರೆದುಕೊಡುತ್ತಾರೆ, ಅದೇ ಮಾತ್ರೆ ಚರ್ಮವನ್ನು ಬೆಳಕಿಗೆ ಸೂಕ್ಷ್ಮವಾಗಿಸುತ್ತದೆ. ಒಬ್ಬ ವೈದ್ಯರು ಮಾತ್ರೆ ಕೊಟ್ಟು, ಇನ್ನೊಂದು ಕಡೆ ಬೆಳಕು ಹಾಯಿಸಿಕೊಂಡರೆ ಈ ಎರಡರ ನಂಟು ಯಾರ ಕಣ್ಣಿಗೂ ಬೀಳದೆ ಹೋಗಬಹುದು. ಮೊಡವೆಗೆ ಐಸೊಟ್ರೆಟಿನಾಯಿನ್ ತೆಗೆದುಕೊಳ್ಳುತ್ತಿದ್ದರೂ ತಿಳಿಸಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಚೀಟಿ ತೋರಿಸಿ. ಲೂಪಸ್, ಗರ್ಭ, ಮುಖದಲ್ಲಿ ಹರ್ಪಿಸ್ ಗುಳ್ಳೆ ಎದ್ದ ಇತಿಹಾಸ, ಹುಬ್ಬಿನ ಹಚ್ಚೆ, ಚರ್ಮದ ಕ್ಯಾನ್ಸರ್ ಇವುಗಳನ್ನೂ ಮುಚ್ಚಿಡಬಾರದು. ಜಾತ್ರೆ, ಹೊಲದ ಕೆಲಸ ಎಂದು ಬಿಸಿಲಲ್ಲಿ ತಿರುಗಿ ಮುಖ ಕಪ್ಪಿಟ್ಟಿದ್ದರೆ, ಬಣ್ಣ ತಿಳಿಯಾಗುವ ತನಕ ಕೆಲವು ವಾರ ದಿನಾಂಕ ಮುಂದೂಡುವುದೇ ಲೇಸು.

ಚಿಕಿತ್ಸೆಯ ದಿನ ಮುಖದಲ್ಲಿ ಕ್ರೀಮು, ಕಾಡಿಗೆ, ಕುಂಕುಮದ ಗುರುತು ಕೂಡ ಉಳಿಯದಂತೆ ತೊಳೆಯಬೇಕು, ಏಕೆಂದರೆ ಬಣ್ಣದ ಕಣವೂ ಬೆಳಕು ಹೀರಿ ಬಿಸಿಯಾಗುತ್ತದೆ. ಆಮೇಲೆ ಕಣ್ಣಿಗೆ ಬೆಳಕು ತೂರದ ಗುರಾಣಿ ತೊಡಿಸುತ್ತಾರೆ. ರೆಪ್ಪೆಯ ಮೇಲೆಯೇ ಬೆಳಕು ಹಾಯಿಸುವುದಾದರೆ ಮರಗಟ್ಟಿಸುವ ಹನಿ ಹಾಕಿ, ರೆಪ್ಪೆಯ ಒಳಗೆ ಲೋಹದ ಗುರಾಣಿ ಇಡಬೇಕು. ಇದರಲ್ಲಿ ರಾಜಿ ಸಲ್ಲ. ಸರಿಯಾದ ಗುರಾಣಿಯಿಲ್ಲದೆ ಕಣ್ಣಿನ ಹತ್ತಿರ ಐಪಿಎಲ್ ಹಾಯಿಸಿದಾಗ ಬೆಳಕು ಕಣ್ಣಿನ ಬಣ್ಣದ ಪೊರೆಗೆ ತಗುಲಿ, ಒಳಗೆ ಉರಿಯೂತವಾಗಿ, ಪಾಪೆಯ ಆಕಾರವೇ ಶಾಶ್ವತವಾಗಿ ಕೆಟ್ಟ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ನಮ್ಮ ಕಪ್ಪು ಕಂದು ಕಣ್ಣಿನಲ್ಲಿ ಬೆಳಕು ಹೀರುವ ವರ್ಣಕ ಇನ್ನೂ ಹೆಚ್ಚು. ಗುರಾಣಿ ಜರುಗಿದಂತೆ ಅನ್ನಿಸಿದರೆ ತಕ್ಷಣ ಕೈ ಎತ್ತಿ ನಿಲ್ಲಿಸಿ.

ತಂಪಾದ ಜೆಲ್ ಬಳಿದು, ಒಂದು ಕಿವಿಯ ಮುಂದಿನಿಂದ ಕೆಳರೆಪ್ಪೆಯ ಅಡಿಯಲ್ಲಿ ಮೂಗಿನ ಮೇಲೆ ಹಾದು ಇನ್ನೊಂದು ಕಿವಿಯವರೆಗೆ ಮಿಂಚು ಕೊಡುತ್ತಾರೆ. ಪ್ರತಿ ಮಿಂಚಿಗೂ ರಬ್ಬರ್ ಬ್ಯಾಂಡ್ ಎಳೆದು ಬಿಟ್ಟಂತೆ ಚುರುಕ್ ಅನ್ನುತ್ತದೆ. ಅಷ್ಟು ಸಹಜ, ಸಹಿಸಲಾರದ ಉರಿಯಾದರೆ ಪ್ರಮಾಣ ಹೆಚ್ಚಾಗಿದೆ ಎಂದೇ ತಿಳಿದು ಹೇಳಬೇಕು. ಗಡ್ಡ ಕೆನ್ನೆಯ ಮೇಲ್ಭಾಗದವರೆಗೆ ಇರುವ ಗಂಡಸರು ನೆನಪಿಡಬೇಕು, ಇದೇ ಬಗೆಯ ಬೆಳಕನ್ನು ಕೂದಲು ತೆಗೆಯಲೂ ಬಳಸುತ್ತಾರೆ. ಅಲ್ಲಿನ ಕೂದಲು ತೆಳುವಾಗಬಹುದು, ರೆಪ್ಪೆಗೂದಲೂ ಉದುರಬಹುದು. ಕೊನೆಗೆ ರೆಪ್ಪೆಯನ್ನು ಹಿಸುಕಿ ಕರಗಿದ ಎಣ್ಣೆಯನ್ನು ಹೊರತೆಗೆಯುತ್ತಾರೆ. ಎರಡರಿಂದ ನಾಲ್ಕು ವಾರದ ಅಂತರದಲ್ಲಿ ಸಾಮಾನ್ಯವಾಗಿ ಮೂರು, ನಾಲ್ಕು ಸಲ ಇದು ನಡೆಯುತ್ತದೆ.

ಮನೆಗೆ ಬಂದ ಮೇಲೆ ಒಂದೆರಡು ದಿನ ಕೆಂಪು, ತುಸು ಊತ ಇದ್ದರೆ ಹೆದರಬೇಕಿಲ್ಲ. ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಹಚ್ಚಿ, ಟೋಪಿಯನ್ನೋ ಕೊಡೆಯನ್ನೋ ಹಿಡಿದು ಬಿಸಿಲನ್ನು ತಪ್ಪಿಸಿ. ಬೊಬ್ಬೆ ಎದ್ದರೆ, ಹೊಪ್ಪಳೆಗಟ್ಟಿದರೆ, ಯಂತ್ರದ ತುದಿಯ ಆಕಾರದಲ್ಲೇ ಕಪ್ಪು ಅಥವಾ ಬಿಳಿ ಪಟ್ಟಿ ಮೂಡಿದರೆ ಚಿಕಿತ್ಸಾಲಯಕ್ಕೆ ತಿಳಿಸಿ, ಮುಂದಿನ ಸರದಿಯನ್ನು ನಿಲ್ಲಿಸಿ. ಕಪ್ಪು ಕಲೆ ಮಾಸಲು ನಮ್ಮ ಚರ್ಮದಲ್ಲಿ ತಿಂಗಳುಗಳೇ ಹಿಡಿಯಬಹುದು. ಕಣ್ಣು ನೋಯುವುದು, ಬೆಳಕು ನೋಡಲಾಗದಿರುವುದು, ದೃಷ್ಟಿ ಮಂಜಾಗುವುದು, ಎರಡು ಪಾಪೆಗಳ ಆಕಾರ ಬೇರೆ ಬೇರೆ ಕಾಣುವುದು ಇದ್ದರೆ ಅದೇ ದಿನ ಕಣ್ಣಿನ ಆಸ್ಪತ್ರೆಗೆ ಹೋಗಬೇಕು.

ಫಲದ ವಿಷಯದಲ್ಲಿ ನಿರೀಕ್ಷೆ ಹದವಾಗಿರಲಿ. ಚಿಕಿತ್ಸೆಗಳ ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆ ಗಟ್ಟಿ ಪುರಾವೆ ಇನ್ನೂ ವಿರಳವೆಂದು ಹೇಳಿತ್ತು. ನಂತರದ ಪರೀಕ್ಷೆಗಳು ಹೆಚ್ಚು ಭರವಸೆ ಕೊಟ್ಟಿವೆ. ಆದರೂ ಪೂರ್ತಿ ನಶಿಸಿದ ಗ್ರಂಥಿಯನ್ನು ಬೆಳಕು ಮರಳಿ ಹುಟ್ಟಿಸುತ್ತದೆಂದು ನಂಬಬೇಡಿ, ಬಿಸಿ ಬಟ್ಟೆಯ ಕಾವನ್ನೂ ನಿಲ್ಲಿಸಬೇಡಿ. ಗುಣ ತಿಂಗಳುಗಳ ನಂತರ ಇಳಿಯುವುದರಿಂದ ಮತ್ತೆ ಒಂದು ಸರದಿ ಬೇಕಾಗಬಹುದು. ಆ ಹೊತ್ತಿಗೆ ಊರೋ ವೈದ್ಯರೋ ಬದಲಾಗಿರಬಹುದಾದ್ದರಿಂದ, ಪ್ರತಿ ಸಲ ಬಳಸಿದ ಫಿಲ್ಟರ್, ಜೂಲ್, ಮಿಂಚುಗಳ ಸಂಖ್ಯೆಯನ್ನು ಚೀಟಿಯಲ್ಲಿ ಬರೆಸಿಕೊಂಡು, ಮೊದಲ ದಿನ ತೆಗೆದ ಕೆನ್ನೆಯ ಫೋಟೊದ ಜೊತೆಗೆ ಇಟ್ಟುಕೊಳ್ಳಿ.