ಪೆನ್‌ಡ್ರೈವ್ ಇತ್ತು, ಲೆಕ್ಕ ಇರಲಿಲ್ಲ

2023ರ ಜನವರಿ, ತೊಗರಿ ಸುಗ್ಗಿ. ಕಲಬುರಗಿಯ ನೆಹರೂ ಗಂಜ್‌ನಲ್ಲಿ ಆ ದಿನಗಳಲ್ಲಿ ಚಹಾ ಕುಡಿಯೋಕೂ ಯಾರಿಗೂ ಪುರುಸೊತ್ತಿರಲ್ಲ. ಬೆಳಿಗ್ಗೆ ಎಂಟಕ್ಕೇ ಒಂದು ಅಡತ್ (ದಲ್ಲಾಳಿ) ಅಂಗಡಿಯ ಲೆಕ್ಕ ಬರೆಯುವ ಮುನೀಮ ಕಾಕಾ ಫೋನ್ ಮಾಡಿದರು. "ತಮ್ಮಾ, ಲಗೂನ ಬಾ. ಟ್ಯಾಲಿ ತೆರೀವಲ್ದು. ಸ್ಕ್ರೀನ್ ಮ್ಯಾಲ ಏನೋ ಇಂಗ್ಲಿಷ್‌ದಾಗ ಬರದಾದ."

ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಚಿಕ್ಕ ಕಂಪ್ಯೂಟರ್ ಅಂಗಡಿ. ಆ ಅಡತ್‌ನ ಮೂರೂ ಕಂಪ್ಯೂಟರ್ ಕೂರಿಸಿದ್ದು ನಾನೇ. ಹಾಗಾಗಿ ಮುಂದೆ ಹೇಳುವ ತಪ್ಪುಗಳಲ್ಲಿ ಅರ್ಧ ನನ್ನವು.

ಹೋಗಿ ಮೊದಲು ಮೂರೂ ಕಂಪ್ಯೂಟರ್‌ಗಳ ಲ್ಯಾನ್ ಕೇಬಲ್ ಕಿತ್ತೆ. ಆಮೇಲೆ ಲೆಕ್ಕ ಇಡುವ ಸಾಫ್ಟ್‌ವೇರ್ ಟ್ಯಾಲಿಯ ಡೇಟಾ ಫೋಲ್ಡರ್ ತೆರೆದೆ. 900 ಅಂತ ಮುಗಿಯಬೇಕಾದ ಫೈಲ್‌ಗಳಿಗೆಲ್ಲ ಹಿಂದೆ ಇನ್ನೊಂದು ಉದ್ದ ಬಾಲ ಬಂದಿತ್ತು. ಡಿ ಡ್ರೈವ್‌ನಲ್ಲಿದ್ದ ಬ್ಯಾಕಪ್‌ಗೂ ಅದೇ ಬಾಲ. ಪ್ರತಿ ಫೋಲ್ಡರ್‌ನಲ್ಲೂ ಒಂದು ಚೀಟಿ: 72 ಗಂಟೆಯೊಳಗೆ ಬಿಟ್‌ಕಾಯಿನ್ ಕಳಿಸಿ, ಫೈಲ್‌ಗಳಿಗೆ ಹಾಕಿದ ಬೀಗ ತೆಗೆಯೋ ಕೀಲಿ ಕೊಡ್ತೀವಿ. ರ‍್ಯಾನ್ಸಮ್‌ವೇರ್. ಇದು ಬೆಂಗಳೂರಿನ ದೊಡ್ಡ ಕಂಪನಿಗಳ ರೋಗ ಅಂತ ಅಲ್ಲಿವರೆಗೂ ಅಂದುಕೊಂಡಿದ್ದೆ.

ಹೇಗೆ ಬಂತು ಅಂತ ಹುಡುಕೋಕೆ ಈವೆಂಟ್ ವ್ಯೂವರ್ ತೆರೆದೆ. ವಿಂಡೋಸ್‌ನಲ್ಲಿ ತಪ್ಪು ಪಾಸ್‌ವರ್ಡ್ ಹಾಕಿದಾಗೆಲ್ಲ 4625 ಅನ್ನೋ ನಂಬರ್ ದಾಖಲಾಗುತ್ತದೆ. ಅಲ್ಲಿ ಕೆಳಗೆ ಇಳಿಸಿದಷ್ಟೂ 4625, 4625, ಅದೇ. ಸೆಕೆಂಡಿಗೆ ಎರಡು ಮೂರು ಸಲ. ಅಡ್ಮಿನ್, ಟೆಸ್ಟ್, ಯೂಸರ್ ಅಂತ ಒಂದೊಂದೇ ಹೆಸರು ಹಾಕಿ ನೋಡಿದ್ದಾರೆ. ರಾತ್ರಿ ಎರಡೂವರೆಗೆ ಒಂದು 4624. ಅಂದರೆ ಬಾಗಿಲು ತೆರೀತು ಅಂತ.

ಆ ಬಾಗಿಲು ಇಟ್ಟಿದ್ದು ನಾನು. ಸಾವಕಾರರಿಗೆ ಮನೆಯಿಂದಲೇ ಟ್ಯಾಲಿ ನೋಡಬೇಕಿತ್ತು. ರೌಟರ್‌ನಲ್ಲಿ 3389 ಪೋರ್ಟ್ ತೆರೆದು ರಿಮೋಟ್ ಡೆಸ್ಕ್‌ಟಾಪ್, ಅಂದರೆ ದೂರದಿಂದಲೇ ಕಂಪ್ಯೂಟರ್ ನಡೆಸುವ ವ್ಯವಸ್ಥೆ, ಹಾಕಿಕೊಟ್ಟಿದ್ದೆ. ಪಾಸ್‌ವರ್ಡ್ ಅಂಗಡಿ ಹೆಸರು, ಮುಂದೆ 123. ಕಂಪ್ಯೂಟರ್ ವಿಂಡೋಸ್ 7. ಅದಕ್ಕೆ ಮೈಕ್ರೋಸಾಫ್ಟ್ 2020ರ ಜನವರಿಯಲ್ಲೇ ಅಪ್‌ಡೇಟ್ ನಿಲ್ಲಿಸಿತ್ತು. "ನಡೀತಾ ಇದೆಯಲ್ಲ, ಇರಲಿ" ಅಂತ ಬಿಟ್ಟಿದ್ದೆ.

ಸಾವಕಾರರು ದುಡ್ಡು ಕೊಡೋಣವಾ ಅಂದರು. ಬೇಡ ಅಂದೆ. ಕೊಟ್ಟ ಮೇಲೆ ಕೀಲಿ ಬರುತ್ತೆ ಅನ್ನೋಕೆ ಯಾವ ಗ್ಯಾರಂಟಿ? ನೋ ಮೋರ್ ರ‍್ಯಾನ್ಸಮ್ ಅಂತ ಒಂದು ಉಚಿತ ಸೈಟ್ ಇದೆ, ಯುರೋಪೋಲ್ ಮತ್ತು ನೆದರ್ಲೆಂಡ್ಸ್ ಪೊಲೀಸರು 2016ರಲ್ಲಿ ಕೆಲವು ಕಂಪನಿಗಳ ಜೊತೆ ಸೇರಿ ಶುರು ಮಾಡಿದ್ದು. ಲಾಕ್ ಆದ ಫೈಲ್ ಹಾಕಿದರೆ, ಅದರ ಕೀಲಿ ಸಿಕ್ಕಿದ್ದರೆ ಕೊಡುತ್ತದೆ. ನಮ್ಮದಕ್ಕೆ ಇರಲಿಲ್ಲ. ಆದರೂ ಆ ಹಾರ್ಡ್ ಡಿಸ್ಕ್ ಎಸೆದಿಲ್ಲ, ಮುಂದೆ ಎಂದಾದರೂ ಕೀಲಿ ಬರಬಹುದು. ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಹಾಕಿ, ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆಗೂ ಹೋಗಿ ಬಂದೆವು.

ಅಷ್ಟರಲ್ಲಿ ಕಾಕಾ ಗಲ್ಲೆ ತೆಗೆದು ಒಂದು ಪೆನ್‌ಡ್ರೈವ್ ಕೊಟ್ಟರು. "ನೀನೇ ಹೇಳಿದ್ದಿ, ದಿನಾ ಸಂಜೀಕ ಬ್ಯಾಕಪ್ ತಗೀ ಅಂತ." ನನಗೆ ಹೋದ ಜೀವ ಬಂದಂಗಾಯಿತು. ಅಂಗಡಿಗೆ ತಂದು ತೆರೆದರೆ ಕೊನೆಯ ಎಂಟ್ರಿ 31 ಮಾರ್ಚ್ 2022. ಏಪ್ರಿಲ್‌ನಲ್ಲಿ ಹೊಸ ವರ್ಷಕ್ಕೆ ಟ್ಯಾಲಿ ಕಂಪನಿ ಸ್ಪ್ಲಿಟ್ ಮಾಡಿಕೊಟ್ಟಿದ್ದೆ, ಅಂದರೆ ಹಳೇ ಲೆಕ್ಕ ಬೇರೆ, ಹೊಸದು ಬೇರೆ. ಬ್ಯಾಕಪ್ ಮಾತ್ರ ಹಳೇ ಕಂಪನಿಯದ್ದೇ ಹೋಗುತ್ತಿತ್ತು. ಒಂಬತ್ತು ತಿಂಗಳು ಆ ಮನುಷ್ಯ ದಿನಾ ಸಂಜೆ ತಪ್ಪದೆ, ಮುಗಿದುಹೋದ ವರ್ಷದ ಲೆಕ್ಕವನ್ನೇ ಕಾಪಿ ಮಾಡಿದ್ದರು.

ಲೂಸ್ ತೊಗರಿಗೆ ಜಿಎಸ್‌ಟಿ ಇಲ್ಲ. ಹಾಗಾಗಿ ಪೋರ್ಟಲ್‌ನಿಂದಲೂ ಬಿಲ್‌ವಾರು ಏನೂ ಸಿಗಲಿಲ್ಲ. ರೈತರಿಗೆ ಕೊಟ್ಟ ಪಟ್ಟಿಯ (ಬಿಲ್ಲಿನ) ಕಾರ್ಬನ್ ಕಾಪಿ, ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟುಕೊಂಡು ಮೂರು ಜನ 19 ದಿನ ಕೂತು ಎಲ್ಲವನ್ನೂ ಟ್ಯಾಲಿಯಲ್ಲಿ ಮತ್ತೆ ಟೈಪ್ ಹೊಡೆದೆವು. ನಾನು ಒಂದು ರೂಪಾಯಿ ಕೇಳಲಿಲ್ಲ. ಕೇಳೋಕೆ ಮುಖ ಇರಲಿಲ್ಲ ಅಂದರೆ ಸರಿ.

ಆಮೇಲೆ ಮಾಡಿದ್ದು ಇಷ್ಟು. 3389 ಮುಚ್ಚಿದೆ. ಪೋರ್ಟ್ ನಂಬರ್ ಬದಲಿಸಿದರೆ ಸಾಕು ಅಂತ ಕೆಲವರು ಹೇಳ್ತಾರೆ, ಅದು ಸುಳ್ಳು ಸಮಾಧಾನ. ಹುಡುಕುವವರು ಎಲ್ಲ ಪೋರ್ಟನ್ನೂ ತಟ್ಟಿ ನೋಡ್ತಾರೆ. ಸಾವಕಾರರಿಗೆ ವಿಪಿಎನ್, ಅಂದರೆ ಬೀಗ ಇರುವ ಖಾಸಗಿ ದಾರಿ, ಹಾಕಿಕೊಟ್ಟೆ. ಎರಡು ದಿನ ಬೈದರು, ಈಗ ರೂಢಿಯಾಗಿದೆ. ಪಾಸ್‌ವರ್ಡ್ ಐದು ಸಲ ತಪ್ಪಿದರೆ ಅರ್ಧ ಗಂಟೆ ಲಾಕ್. ಕಾಕಾನ ಲಾಗಿನ್‌ಗೆ ಅಡ್ಮಿನ್ ಅಧಿಕಾರ ತೆಗೆದೆ. ಈಗ ಎರಡು ಹಾರ್ಡ್ ಡಿಸ್ಕ್. ಒಂದು ಅಂಗಡಿಯಲ್ಲಿ, ಒಂದು ಸಾವಕಾರರ ಮನೆಯಲ್ಲಿ, ಸೋಮವಾರ ಅದಲು ಬದಲು. ಬ್ಯಾಕಪ್ ಮುಗಿದ ಕೂಡಲೇ ಕೇಬಲ್ ಕೀಳಬೇಕು. ಚುಚ್ಚಿಟ್ಟ ಡಿಸ್ಕ್‌ಗೂ ಅದೇ ಬಾಲ ಬರುತ್ತೆ, ಡಿ ಡ್ರೈವ್‌ನಲ್ಲಿ ನೋಡಿದೆವಲ್ಲ.

ನಡುವೆ ಕಾಕಾನ ಫೋನ್‌ಗೆ ವಾಟ್ಸಾಪ್‌ನಲ್ಲಿ ಆರ್‌ಟಿಒ ಚಲನ್ ಅಂತ ಒಂದು ಎಪಿಕೆ ಫೈಲ್ (ಫೋನ್‌ಗೆ ಆಪ್ ಹಾಕುವ ಫೈಲ್) ಬಂತು. ಅಂಗಡಿಯ ಬ್ಯಾಂಕ್ ಒಟಿಪಿ ಬರೋದು ಆ ಫೋನ್‌ಗೇ. ಅಂಥ ಫೈಲ್ ಇನ್‌ಸ್ಟಾಲ್ ಮಾಡಿ ಅನುಮತಿ ಕೊಟ್ಟರೆ, ಎಸ್‌ಎಂಎಸ್ ಎಲ್ಲ ಕಳ್ಳರ ಕೈಗೆ. ಕಾಕಾ ಒತ್ತಲಿಲ್ಲ. ಹುಷಾರಿ ಏನಲ್ಲ, ಅವರ ಹತ್ತಿರ ಗಾಡಿನೇ ಇಲ್ಲ. ಮರುದಿನವೇ ಆ ಸಿಮ್ ಬಟನ್ ಫೋನ್‌ಗೆ ಹಾಕಿದೆ. ಸೈಬರ್ ವಂಚನೆಯ ಸಹಾಯವಾಣಿ 1930 ನಂಬರ್ ಬರೆದು ಗೋಡೆಗೆ ಅಂಟಿಸಿದೆ. ದುಡ್ಡು ಹೋದರೆ ಮೊದಲು ಅಲ್ಲಿಗೆ, ಆಮೇಲೆ ಬ್ಯಾಂಕಿಗೆ, ಸಾವಕಾರರಿಗೆ ಕೊನೆಗೆ.

ಎಲ್ಲಕ್ಕಿಂತ ಜಾಸ್ತಿ ಉಪಯೋಗ ಆಗಿದ್ದು ತಿಂಗಳ ಮೊದಲ ಶನಿವಾರದ ಕೆಲಸ. ಮನೆಯಿಂದ ಬಂದ ಡಿಸ್ಕನ್ನು ನನ್ನ ಲ್ಯಾಪ್‌ಟಾಪ್‌ನಲ್ಲಿ ರಿಸ್ಟೋರ್ ಮಾಡ್ತೀನಿ. ಕಾಕಾ ಪಟ್ಟಿ ಪುಸ್ತಕದಲ್ಲಿ ಕಣ್ಣು ಮುಚ್ಚಿ ಒಂದು ಪುಟ ತೆಗೆದು ನಂಬರ್ ಕೂಗ್ತಾರೆ, ನಾನು ಟ್ಯಾಲಿಯಲ್ಲಿ ಹುಡುಕ್ತೀನಿ. ಹೋದ ತಿಂಗಳು ಪಟ್ಟಿ ಸಿಕ್ಕಿತು, ತಾರೀಖು ಸರಿ, ಹೆಸರು ಸರಿ. ಪುಸ್ತಕದಲ್ಲಿ 38 ಚೀಲ, ಟ್ಯಾಲಿಯಲ್ಲಿ 83.

ಕಾಕಾ ಕನ್ನಡಕ ತೆಗೆದು ಒರೆಸಿದರು. "ಬ್ಯಾಕಪ್ ಬರೋಬ್ಬರಿ ಅದ ಅಲ್ಲ? ಸಾಕು. ಇದು ಸಾವಕಾರಗ ಹೇಳಬ್ಯಾಡ."