ಕ್ಯೂಜಿಐಎಸ್‌ನಲ್ಲಿ ತಾತ್ಕಾಲಿಕ ಲೇಯರ್‌ಗೆ ರೂಪಾಯಿ ಗುರುತು: ನನ್ನ ಅನುಭವ

ಕ್ಯೂಜಿಐಎಸ್ ಅಂದರೆ ನಕ್ಷೆ ಮಾಡುವ ಸಾಫ್ಟ್‌ವೇರ್. ಅದರ ತಾತ್ಕಾಲಿಕ ಲೇಯರ್‌ಗಳ (ಸ್ಕ್ರ್ಯಾಚ್ ಅಥವಾ ಮೆಮೊರಿ ಲೇಯರ್) ಪಕ್ಕ, ಮುಚ್ಚಿದರೆ ಎಷ್ಟು ರೂಪಾಯಿ ಕೆಲಸ ಹೋಗುತ್ತದೆ ಅಂತ ತೋರಿಸುವ ಗುರುತು ಹಾಕಿ, ಅವುಗಳ ಬ್ಯಾಕಪ್ಪನ್ನೂ ತೆಗೆಯುವ ಪ್ಲಗಿನ್ (ಜೋಡಿಸುವ ಸಣ್ಣ ಪ್ರೋಗ್ರಾಂ) ಬರೆದೆ. ಸ್ಕ್ರ್ಯಾಚ್ ಲೇಯರ್ ಪಕ್ಕ ಚಿಪ್ ಐಕಾನ್ ಬರುತ್ತದಲ್ಲ, ಇನ್ನೊಂದು ಗುರುತು ಯಾಕೆ ಅಂದವರೇ ಹೆಚ್ಚು. ಚಿಪ್ ಹೇಳುವುದು ಲೇಯರ್ ಎಲ್ಲಿದೆ ಅನ್ನುವುದನ್ನಷ್ಟೇ. ಈಗ ಮುಚ್ಚಿದರೆ ಎಷ್ಟು ಕೆಲಸ ಹೋಗುತ್ತದೆ ಅನ್ನುವುದನ್ನಲ್ಲ. ಖಾಲಿ ಲೇಯರ್‌ಗೂ ಅದೇ ಚಿಪ್, 2000 ಪಾಲಿಗಾನ್ (ಗಡಿ ಎಳೆದ ಆಕೃತಿ) ತುಂಬಿದ್ದಕ್ಕೂ ಅದೇ. ಸರ್ವೆ ನಂಬರಿನ ಗಡಿ ಎಳೆಯಲು ಪಾಲಿಗಾನ್‌ಗೆ 3–4 ರೂಪಾಯಿ ಹಿಡಿದರೂ ಆ ಚಿಪ್ ಹಿಂದೆ 6–8 ಸಾವಿರ ಕೂತಿರುತ್ತದೆ.

ಅದಕ್ಕಿಂತ ದೊಡ್ಡ ಮೋಸಗಾರ, ಎಡಿಟ್ ಮಾಡುವಾಗ ಬರುವ ಪೆನ್ಸಿಲ್ ಐಕಾನ್. ಮೆಮೊರಿ ಲೇಯರ್‌ನಲ್ಲಿ ಎಡಿಟ್ ಸೇವ್ ಮಾಡಿದರೆ ಪೆನ್ಸಿಲ್‌ನ ಕೆಂಪು ಹೋಗುತ್ತದೆ, ಹುಡುಗರು ನೆಮ್ಮದಿಯಾಗಿ ಟೀಗೆ ಹೋಗುತ್ತಾರೆ. ಬರೆದದ್ದು ರ‍್ಯಾಮ್‌ಗೆ. ಪ್ರಾಜೆಕ್ಟ್ ಸೇವ್ ಮಾಡಿದ್ದರೂ ಮತ್ತೆ ತೆರೆದಾಗ ಲೇಯರ್ ಇರುತ್ತದೆ, ಫೀಲ್ಡ್‌ಗಳಿರುತ್ತವೆ (ಮಾಹಿತಿಯ ಕಾಲಂಗಳು), ಸ್ಟೈಲ್ ಇರುತ್ತದೆ, ಫೀಚರ್ (ಎಳೆದ ಆಕೃತಿಗಳು) ಮಾತ್ರ ಸೊನ್ನೆ. ಮುಚ್ಚುವಾಗ ಎಚ್ಚರಿಸುವ ಡೈಲಾಗ್ ಕರೆಂಟ್ ಹೋದಾಗ ಬರುವುದಿಲ್ಲ.

ಮೊದಲ ಉಪಾಯ ಲೇಯರ್ ಹೆಸರಿನ ಕೊನೆಗೆ ಗುರುತು ಅಂಟಿಸುವುದು. ಕೆಟ್ಟ ಉಪಾಯ. ಪ್ರಿಂಟ್ ಲೇಔಟ್‌ನ ಲೆಜೆಂಡ್‌ಗೂ ಆ ಗುರುತು ಹೋಗಿ ಕೂರುತ್ತದೆ, ಹೆಸರು ನಂಬಿದ ಎಕ್ಸ್‌ಪ್ರೆಶನ್‌ಗಳು (ಸೂತ್ರಗಳು) ಮುರಿಯುತ್ತವೆ. ಕ್ಯಾನ್ವಾಸ್ (ನಕ್ಷೆ ಕಾಣುವ ಜಾಗ) ಮೂಲೆಯಲ್ಲಿ ಕೆಂಪು ಪಟ್ಟಿ ಬರೆಯುವುದೂ ಆಯಿತು. ಎರಡು ದಿನಕ್ಕೆ ಕಣ್ಣು ಅದನ್ನು ನೋಡುವುದನ್ನೇ ಬಿಡುತ್ತದೆ.

ಕೊನೆಗೆ ನಿಂತದ್ದು ಲೇಯರ್ ಟ್ರೀ ವ್ಯೂನ (ಲೇಯರ್‌ಗಳ ಪಟ್ಟಿಯ) ಇಂಡಿಕೇಟರ್, ಅಂದರೆ ಹೆಸರಿನ ಪಕ್ಕ ಬರುವ ಸಣ್ಣ ಐಕಾನ್. ಆಡ್‌ಇಂಡಿಕೇಟರ್ ಫಂಕ್ಷನ್‌ಗೆ ನೋಡ್ (ಪಟ್ಟಿಯ ಒಂದು ಸಾಲು) ಕೊಟ್ಟರೆ ಮುಗಿಯಿತು ಅಂದುಕೊಳ್ಳಬೇಡಿ. ಇಂಡಿಕೇಟರ್ ಆಬ್ಜೆಕ್ಟ್‌ಗೆ ಪೇರೆಂಟ್ (ಅದನ್ನು ಹಿಡಿದಿಡುವ ಮೇಲಿನ ಆಬ್ಜೆಕ್ಟ್) ಕೊಡದಿದ್ದರೆ, ಅಥವಾ ಪ್ಲಗಿನ್ ಒಳಗೆ ಹಿಡಿದಿಟ್ಟುಕೊಳ್ಳದಿದ್ದರೆ, ಪೈಥಾನ್ (ಪ್ಲಗಿನ್ ಬರೆಯುವ ಭಾಷೆ) ಅದನ್ನು ಗುಡಿಸಿ ಹಾಕುತ್ತದೆ, ಐಕಾನ್ ಮಾಯ. ಲೇಯರನ್ನು ಒಂದು ಗ್ರೂಪ್‌ನಿಂದ ಇನ್ನೊಂದಕ್ಕೆ ಎಳೆದರೂ ಮಾಯ, ಯಾಕೆಂದರೆ ಎಳೆದಾಗ ಹೊಸ ನೋಡ್ ಹುಟ್ಟಿ ಹಳೆಯದು ಸಾಯುತ್ತದೆ. ಅದಕ್ಕೆ ರೂಟ್‌ನ (ಪಟ್ಟಿಯ ಬುಡದ ನೋಡ್) ಆಡೆಡ್‌ಚಿಲ್ಡ್ರನ್ ಸಿಗ್ನಲ್‌ಗೆ, ಅಂದರೆ ಹೊಸ ನೋಡ್ ಬಂತು ಅನ್ನುವ ಸೂಚನೆಗೆ, ಕಿವಿಗೊಡಬೇಕು. ಅದೂ ತಕ್ಷಣ ಅಲ್ಲ: ಆ ಕ್ಷಣದಲ್ಲಿ ಹಳೆಯ ನೋಡ್ ಇನ್ನೂ ಇರುತ್ತದೆ, ಐಡಿಯಿಂದ ಹುಡುಕಿದರೆ ಅದೇ ಸಿಗಬಹುದು. ಸೊನ್ನೆ ಮಿಲಿಸೆಕೆಂಡಿನ ಸಿಂಗಲ್‌ಶಾಟ್ ಟೈಮರ್ (ಕೈಯಲ್ಲಿರುವ ಕೆಲಸ ಮುಗಿದ ಮೇಲೆ ಒಂದೇ ಸಲ ಓಡುವುದು) ಇಟ್ಟರೆ ಸರಿ.

ಪ್ರತಿ ಬದಲಾವಣೆಗೂ ಬರುವ ಲೇಯರ್‌ಮಾಡಿಫೈಡ್ ಸಿಗ್ನಲ್‌ಗೆ ನೇರವಾಗಿ ಐಕಾನ್ ಬದಲಿಸುವ ಕೆಲಸ ಕಟ್ಟಿದರೆ ಫೀಲ್ಡ್ ಕ್ಯಾಲ್ಕುಲೇಟರ್ (ಇಡೀ ಕಾಲಂ ಒಟ್ಟಿಗೆ ಬದಲಿಸುವ ಸಾಧನ) ಓಡಿಸಿದಾಗ ಪ್ಯಾನೆಲ್ ಕೆಮ್ಮುತ್ತದೆ. ಸುಮಾರು 400 ಮಿಲಿಸೆಕೆಂಡ್ ತಡೆ ಸಾಕು.

ಗುರುತು ಮೂರು: ಖಾಲಿ ಲೇಯರ್‌ಗೆ ಬೂದು ವೃತ್ತ, ಬ್ಯಾಕಪ್ ತಾಜಾ ಇದ್ದರೆ ಕಿತ್ತಳೆ ಚೌಕ, ಬ್ಯಾಕಪ್ ಆದಮೇಲೆ ಕೈಯಾಡಿಸಿದ್ದರೆ ಕೆಂಪು ತ್ರಿಕೋನ. ಬಣ್ಣವೊಂದನ್ನೇ ನಂಬಿದರೆ ಬಣ್ಣಗುರುಡು ಇರುವವರಿಗೆ ಉಪಯೋಗವಿಲ್ಲ, ಅದಕ್ಕೇ ಆಕಾರ. ಟೂಲ್‌ಟಿಪ್‌ನಲ್ಲಿ ಫೀಚರ್ ಸಂಖ್ಯೆಯನ್ನು ದರದಿಂದ ಗುಣಿಸಿ ರೂಪಾಯಿಯಲ್ಲೇ ತೋರಿಸಿದೆ. ‘ಈಗ ಮುಚ್ಚಿದರೆ 5,400 ಹೋಗುತ್ತದೆ’ ಅಂತ ಕಂಡ ಮೇಲೆ ಯಾರೂ ಚಿಪ್ ಸಾಕು ಅನ್ನಲಿಲ್ಲ. ಗ್ರೂಪ್ ಮಡಚಿದ್ದರೆ ಒಳಗಿನ ಗುರುತು ಕಾಣುವುದಿಲ್ಲ, ಹಾಗಾಗಿ ಪೇರೆಂಟ್‌ಗಳನ್ನು ಹಿಡಿದು ಮೇಲೇರಿ ಗ್ರೂಪ್ ನೋಡ್‌ಗೂ ಕೆಂಪು ತ್ರಿಕೋನ ಹಾಕಬೇಕು. ಇದನ್ನು ಬಿಟ್ಟರೆ ಉಳಿದದ್ದೆಲ್ಲ ಅಲಂಕಾರ.

ಪ್ರಾಸೆಸಿಂಗ್‌ನಿಂದ (ಕ್ಯೂಜಿಐಎಸ್‌ನ ವಿಶ್ಲೇಷಣಾ ಸಾಧನಗಳು) ಬಂದ ತಾತ್ಕಾಲಿಕ ರಾಸ್ಟರ್ (ಚಿತ್ರರೂಪದ ಲೇಯರ್) ಮೆಮೊರಿಯಲ್ಲಿರುವುದಿಲ್ಲ, ಟೆಂಪ್ ಫೋಲ್ಡರ್‌ನಲ್ಲಿ ಫೈಲಾಗಿರುತ್ತದೆ. ಪ್ರೊವೈಡರ್ (ಲೇಯರ್‌ನ ದತ್ತಾಂಶ ಓದುವ ಭಾಗ) ಹೆಸರು ನೋಡಿ ವಿಂಗಡಿಸಿದರೆ ಇದು ತಪ್ಪಿಸಿಕೊಳ್ಳುತ್ತದೆ. ಕ್ಯೂಜಿಐಎಸ್ 3.20ರಿಂದ ಇರುವ ಈಸ್‌ಟೆಂಪರರಿ ಫಂಕ್ಷನ್ ಎರಡನ್ನೂ ಹಿಡಿಯುತ್ತದೆ.

ಬ್ಯಾಕಪ್ ಹೋಗುವುದು ಜಿಯೋಪ್ಯಾಕೇಜ್‌ಗೆ (ಎಸ್‌ಕ್ಯೂಲೈಟ್ ಡೇಟಾಬೇಸ್ ರೂಪದ ನಕ್ಷೆ ಫೈಲ್). ಪಾಲಿಗಾನ್ ಸೀಳಿದ ಲೇಯರ್‌ನಲ್ಲಿ ಎಫ್‌ಐಡಿ (ಫೀಚರ್‌ನ ಗುರುತಿನ ನಂಬರ್) ಫೀಲ್ಡ್ ಉಳಿದಿದ್ದರೆ ಒಂದೇ ನಂಬರ್ ಎರಡು ಸಲ ಬಂದು ಯುನೀಕ್ ಕನ್‌ಸ್ಟ್ರೇಂಟ್ ದೋಷದಲ್ಲಿ ನಿಲ್ಲುತ್ತದೆ. ಫೈಲ್ ಬರೆಯುವ ರೈಟರ್‌ಗೆ ಕೊಡುವ ಫೀಲ್ಡ್ ಪಟ್ಟಿಯಿಂದ ಅದನ್ನು ಬಿಡಿ. ಫೈಲ್ ಆಫೀಸಿನ ನೆಟ್‌ವರ್ಕ್ ಡ್ರೈವ್‌ನಲ್ಲಿ ಬೇಡ: ಎಸ್‌ಕ್ಯೂಲೈಟ್‌ನ ವಾಲ್ ಮೋಡ್ (ಬದಲಾವಣೆಯನ್ನು ಮೊದಲು ಬೇರೆ ಫೈಲಿಗೆ ಬರೆಯುವ ರೀತಿ) ಅಲ್ಲಿ ಕೆಲಸ ಮಾಡುವುದಿಲ್ಲ. ಲೋಕಲ್ ಡಿಸ್ಕ್‌ಗೆ ಬರೆದು ಆಮೇಲೆ ನಕಲು ಮಾಡಿ. ಗೆರೆ ಎಳೆಯುತ್ತಿರುವಾಗ ಮಧ್ಯೆ ಬ್ಯಾಕಪ್ ನುಗ್ಗದಂತೆ ಹೇಗೆ ನೋಡಿಕೊಳ್ಳುತ್ತೇನೆ ಅನ್ನುವುದು ನನ್ನ ಬಳಿಯೇ ಇರಲಿ, ಅದಕ್ಕೆ ದುಡ್ಡು ಕೊಡುವವರಿದ್ದಾರೆ.

ಹಗುರ ಇರಲಿ ಅಂತ ಶೇಪ್‌ಫೈಲ್ ಅನ್ನುವ ಹಳೆಯ ನಕ್ಷೆ ಫೈಲ್ ರೂಪಕ್ಕೂ ಬರೆದು ನೋಡಿದೆ. ಅದರ ಕಾಲಂಗಳನ್ನಿಡುವ ಡಿಬಿಎಫ್‌ನಲ್ಲಿ ಫೀಲ್ಡ್ ಹೆಸರಿಗೆ 10 ಬೈಟ್, ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ರೀತಿ) ಕನ್ನಡದ ಒಂದೊಂದು ಕೋಡ್‌ಪಾಯಿಂಟ್‌ಗೆ (ಅಕ್ಷರ, ಒತ್ತು ಅಥವಾ ಗುಣಿತದ ಒಂದು ಚಿಹ್ನೆ) 3 ಬೈಟ್. ‘ಗ್ರಾಮ’ದ ‘ಗ್ರಾ’ ಒಂದಕ್ಕೇ 12 ಬೇಕು. ಅಲ್ಲಿಗೆ ಬಿಟ್ಟೆ. ಮೆಮೊರಿ ಲೇಯರ್ ಸೇವರ್ ಪ್ಲಗಿನ್ ಕೆಟ್ಟದ್ದೇನಲ್ಲ, ಪ್ರಾಜೆಕ್ಟ್ ಪಕ್ಕ ಎಂಎಲ್‌ಡೇಟಾ ಫೈಲಿನಲ್ಲಿ ಇಡುತ್ತದೆ; ಆದರೆ ಆ ಫೈಲನ್ನು ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ತೆರೆಯುವಂತಿಲ್ಲ. ಜಿಯೋಪ್ಯಾಕೇಜ್ ಆದರೆ ಗ್ರಾಹಕರಿಗೆ ಹಾಗೇ ಕಳಿಸಬಹುದು, ಬಿಲ್ ಅದೇ ದಿನ ಹೋಗುತ್ತದೆ.